ಸೂಚಿಸಿದವರು ಐಲ್ಸಾ, ಅನುಮೋದಿಸಿದವರು ವರ್ನಾ

ಕೆಲವರಿಗೆ ಚರ್ಚು, ಕೆಲವರಿಗೆ ಕುದುರೆ ರೇಸು. ಐಲ್ಸಾ ಪೆನ್ರೋಸ್ ಅವರಿಗೆ ಸಭೆ. ನಮ್ಮ ಪೋರ್ಟ್ ಕ್ಯಾರಿಕ್‌ನಲ್ಲಿ ಅವರು ಕೂರದ ಸಮಿತಿಯೇ ಇಲ್ಲ. ಶಾಲೆಯದು, ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆಯದು, ಹಡಗು ನಿಲ್ಲುವ ಜೆಟ್ಟಿಯ ದುರಸ್ತಿಯದು, ಕೊನೆಗೆ ಸ್ಮಶಾನದ ಗುಲಾಬಿ ಗಿಡಗಳದ್ದೂ ಒಂದು ಸಮಿತಿ ಇತ್ತು, ಅದರಲ್ಲೂ ಅವರೇ. ಅವರ ಗಂಡ ಡೆನ್ಜಿಲ್ ಶಾಲೆಯ ಬಸ್ಸು ಓಡಿಸುತ್ತಿದ್ದವರು. "ನಮ್ಮನೇಲಿ ಮೊಟ್ಟೆ ಬೇಯ್ಸೋಕೂ ಕೋರಂ ಬೇಕು ಕಣ್ರಪ್ಪಾ" ಎಂದು ಬಸ್ಸಿನಲ್ಲಿ ಮಕ್ಕಳ ಹತ್ತಿರ ಹೇಳುತ್ತಿದ್ದರು. ನಾನೂ ಆ ಬಸ್ಸಿನಲ್ಲಿ ಹೋಗಿದ್ದೇನೆ.

ನನ್ನ ಅಜ್ಜಿಯ ಗೆಳತಿಯಾದ್ದರಿಂದ ತೊದಲು ಮಾತಿನ ಕಾಲದಿಂದಲೂ ನನಗೆ ಅವರು ಐಲ್ಸಾ ಆಂಟಿ. ಅವರಿಗೆ ಮಕ್ಕಳಾಗಲಿಲ್ಲ. ಡೆನ್ಜಿಲ್ ತೀರಿಕೊಂಡ ಮೇಲೆ, ಮಂಡಿ ಕೈಕೊಟ್ಟ ಮೇಲೆ, ಊರಿನ ದಿಬ್ಬದ ಮೇಲಿರುವ ಹಿರಿಯರ ಮನೆಗೆ ಬಂದು ಸೇರಿದರು. ನಾನು ಅಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತೇನೆ. ಹಾಡಿಸುವುದು, ಇಸ್ಪೀಟು ಆಡಿಸುವುದು, ಅಜ್ಜಿಯರ ಉಗುರಿಗೆ ಬಣ್ಣ ಹಚ್ಚುವುದು, ಇಂಥ ಕೆಲಸ. ಗುರುವಾರಗಳಂದು ಊರಿನ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಆವತ್ತು ನನ್ನ ಮಗಳು ವಿನ್ನಿಗೂ ಅಲ್ಲೇ ಆಟ. ಮುದುಕರ ಊರುಗೋಲು ಹಿಡಿದುಕೊಂಡೇ ಅವಳು ಎದ್ದು ನಿಲ್ಲಲು ಕಲಿತಳು.

ಐಲ್ಸಾ ಆಂಟಿಯ ವಿಷಯ ಬರೆಯುವಾಗ ವರ್ನಾ ಟ್ರೆಗಿಯರ್ ಅವರನ್ನು ಬಿಟ್ಟು ಬರೆಯಲಾಗುವುದಿಲ್ಲ. ಇಬ್ಬರೂ ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು, ಈಗ ಇಬ್ಬರೂ ಇದೇ ಹಿರಿಯರ ಮನೆಯಲ್ಲಿರುವವರು. ಸಭೆಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: ಒಬ್ಬರು ಎದ್ದು ಸೂಚಿಸಬೇಕು, ಇನ್ನೊಬ್ಬರು ಕೈ ಎತ್ತಿ ಅನುಮೋದಿಸಬೇಕು, ಆಮೇಲೆ ಉಳಿದವರ ಕೈ. ಅನುಮೋದಿಸುವವರು ಸಿಗದಿದ್ದರೆ ಎಂಥ ಒಳ್ಳೆಯ ಮಾತಾದರೂ ಅಲ್ಲೇ ನೆಲಕ್ಕೆ ಬಿತ್ತು. ಐಲ್ಸಾ ಆಂಟಿಯ ಒಂದು ಮಾತೂ ಹಾಗೆ ಬಿದ್ದದ್ದಿಲ್ಲ, ಯಾಕೆಂದರೆ ಅವರು ಎದ್ದರೆ ವರ್ನಾ ಆಂಟಿಯ ಕೈ ಮೇಲೆ. ಒಂದು ಸಲ ವರ್ನಾ ಆಂಟಿ ಸಭೆಯಲ್ಲಿ ತೂಕಡಿಸುತ್ತಿದ್ದಾಗ ಪಕ್ಕದ ಕುರ್ಚಿ ಕಿರ್ರೆಂದಿತಂತೆ. ಕಣ್ಣೂ ಬಿಡದೆ ಕೈ ಎತ್ತಿ "ಅನುಮೋದಿಸ್ತೀನಿ" ಎಂದರಂತೆ. ಐಲ್ಸಾ ಆಂಟಿ ಎದ್ದದ್ದು ಕಿಟಕಿ ಹಾಕಲು.

ಈ ಹಿರಿಯರ ಮನೆ ಹುಟ್ಟಿದ್ದೂ ಹಾಗೆಯೇ. ಮೊದಲು ನಮ್ಮ ಮುದುಕರನ್ನು ದೂರದ ಪಟ್ಟಣಕ್ಕೆ ಕಳಿಸುತ್ತಿದ್ದರು; ಹೋದವರು ಸಮುದ್ರ ಕಾಣದೆ ಸಾಯುತ್ತಿದ್ದರು. ಊರ ಹಾಲ್‌ನಲ್ಲಿ ಐಲ್ಸಾ ಆಂಟಿ ಎದ್ದು ನಿಂತು, ನಮ್ಮವರು ನಮ್ಮ ಊರಲ್ಲೇ ಇರಲಿ, ನಾವೇ ಒಂದು ಮನೆ ಕಟ್ಟೋಣ ಎಂದು ಸೂಚಿಸಿದರು. ವರ್ನಾ ಆಂಟಿ ಅನುಮೋದಿಸಿದರು. ಹೆಂಗಸರು ಕೇಕು ಮಾಡಿ ಮಾರಿದರು, ಗಂಡಸರು ಕಲ್ಲು ಹೊತ್ತರು. ಮನೆ ಎದ್ದ ಮೇಲೆ ಅಲ್ಲಿ ಅಡುಗೆಗೆ ನಿಂತವರೂ ಐಲ್ಸಾ ಆಂಟಿಯೇ. ವರ್ನಾ ಆಂಟಿ ತರಕಾರಿ ಹೆಚ್ಚಿಕೊಟ್ಟು, ಪಾತ್ರೆ ತೊಳೆದು ಕೊಡುತ್ತಿದ್ದರು. ಊಟದ ಹೊತ್ತಿಗೆ ದಿಬ್ಬದ ಕೆಳಗಿನ ರಸ್ತೆಯವರೆಗೂ ಹುರಿದ ಈರುಳ್ಳಿಯ ವಾಸನೆ ಇಳಿದು ಬರುತ್ತಿತ್ತು. ಶಾಲೆಯ ಬಸ್ಸಿಳಿದು ಮನೆಗೆ ಬರುವಾಗ ನಾವು ಅದನ್ನು ಮೂಸುತ್ತಾ ನಡೆಯುತ್ತಿದ್ದೆವು.

ಆಮೇಲೆ ಊರ ಸಮಿತಿಯ ಕೈಯಲ್ಲಿ ನಡೆಸಲಾಗದೆ ಮನೆ ಒಂದು ಕಂಪನಿಗೆ ಹೋಯಿತು. ಹಳೆಯ ಅಡುಗೆಮನೆಯ ಒಲೆ ಕಿತ್ತು, ಅದನ್ನು ಉಗ್ರಾಣ ಮಾಡಿ ಬೀಗ ಹಾಕಿದರು. ಊಟ ಪಟ್ಟಣದಿಂದ ಲಾರಿಯಲ್ಲಿ, ಮುಚ್ಚಿದ ಡಬ್ಬಿಗಳಲ್ಲಿ ತಣ್ಣಗೆ ಬರುತ್ತದೆ. ಇಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಜೆಟ್ಟಿಯಲ್ಲಿ ಗೋಧಿ ಮೂಟೆ ಹೊತ್ತು ಹೊತ್ತು ಬೆನ್ನು ಬಾಗಿದ ಕ್ಲೆಮ್ ರೋಡ್ಡಾ ಎಂಬ ಅಜ್ಜ ದಿನಾ ಮುಚ್ಚಳ ತೆಗೆದು ಅದೇ ಮಾತು ಹೇಳುತ್ತಾರೆ: "ಊಟ ಬರೋ ಮೊದ್ಲೂ ವಾಸ್ನೆ ಇಲ್ಲ, ಬಂದ್ಮೇಲೂ ಇಲ್ಲ. ತಿಂದ್ಮೇಲೆ ಮಾತ್ರ ಬರುತ್ತೆ, ಅದು ನನ್ನದು."

ಹೋದ ವರ್ಷ ಮನೆಯನ್ನು ಹೊಸದು ಮಾಡುತ್ತೇವೆ ಎಂದು ಕಂಪನಿ ಹೇಳಿತು. ಅದು ಸುಳ್ಳಾಗಲಿಲ್ಲ, ಇದನ್ನು ಬರೆದುಬಿಡಬೇಕು. ಕಾರಿಡಾರಿನ ಗೋಡೆಯುದ್ದಕ್ಕೂ ಹಿಡಿಕೆ ಬಂತು. ಗಾಲಿಕುರ್ಚಿಯಲ್ಲಿ ಕೂತೇ ಕೈಗೆಟುಕುವಂತೆ ಎತ್ತರದ ಕಟ್ಟೆಗಳಲ್ಲಿ ಟೊಮೆಟೊ, ಪಾರ್ಸ್ಲಿ ಸೊಪ್ಪು ಬಂತು. ಒಬ್ಬೊಬ್ಬರ ಬಾಗಿಲಿಗೂ ಅವರವರು ಕೇಳಿದ ಬಣ್ಣ ಬಂತು. ಮೇಲ್ವಿಚಾರಕಿ ಫಿಲಿಪ್ಪಾ ಪಟ್ಟಣದ ಹುಡುಗಿ, ಕೆಟ್ಟವಳಲ್ಲ. ನಿವಾಸಿಗಳ ತಿಂಗಳ ಸಭೆಯಲ್ಲಿ ಅವಳೇ ಕೇಳಿದಳು: "ನಿಮಗೆ ಏನು ಬೇಕು, ಬಾಯಿಬಿಟ್ಟು ಹೇಳಿ."

"ಹೊಸ ಮಂಡಿ" ಎಂದರು ಕ್ಲೆಮ್.

"ಅದು ಬಿಟ್ಟು."

"ಹಾಗಾದ್ರೆ ಹೊಸ ಹೆಂಡ್ತಿ."

ನಗು ಅಡಗುವಷ್ಟರಲ್ಲಿ ಐಲ್ಸಾ ಆಂಟಿ ಎದ್ದಿದ್ದರು. "ಒಂದು ಒಲೆ ಬೇಕು. ನೋಡಮ್ಮಾ ಫಿಲಿಪ್ಪಾ, ನಮಗೆ ಹಿಡ್ಕೊಳ್ಳೋಕೆ ಹಿಡಿಕೆ ಕೊಟ್ರಿ, ಒಳ್ಳೇದು. ಆದ್ರೆ ಬೆಳಿಗ್ಗೆ ಎದ್ದು ಇವತ್ತು ಏನು ಮಾಡ್ಲಿ ಅಂತ ಯೋಚ್ನೆ ಮಾಡೋಕೆ ಏನೂ ಇಲ್ಲ ಇಲ್ಲಿ. ನಾವೇ ಬೇಯಿಸೋ ಒಂದು ಅಡುಗೆಮನೆ, ಚಿಕ್ಕದಾದ್ರೂ ಸಾಕು. ಸೂಚಿಸ್ತೀನಿ."

"ಅನುಮೋದಿಸ್ತೀನಿ" ಎಂದರು ವರ್ನಾ ಆಂಟಿ. ಎಲ್ಲರ ಕೈ ಮೇಲೆದ್ದಿತು.

ಜಾಗ ಎಲ್ಲಿ ಎಂದು ಬಂದಾಗ ಊಟದ ಮನೆಗೆ ಅಂಟಿಕೊಂಡ ಮೂಲೆಕೋಣೆಯೊಂದೇ ಕಂಡದ್ದು. ಅದು ಐಲ್ಸಾ ಆಂಟಿಯ ಕೋಣೆ. ಇಡೀ ಮನೆಯಲ್ಲಿ ಚಳಿಗಾಲದ ಬಿಸಿಲು ದಿನವಿಡೀ ಬೀಳುವ ಕೋಣೆ ಅದೊಂದೇ. ಕಿಟಕಿಯಿಂದ ಕೊಲ್ಲಿಯ ನೀರು, ಪೆಲಿಕನ್‌ಗಳು. ಆಂಟಿ ಒಂದು ಮಾತೂ ಆಡದೆ ಬಿಟ್ಟುಕೊಟ್ಟರು. ಸಾಮಾನು ಹೊತ್ತವಳು ನಾನು. ಹೊಸ ಕೋಣೆ ದಕ್ಷಿಣಕ್ಕೆ, ಕಾರು ನಿಲ್ಲಿಸುವ ಜಾಗದ ಎದುರು, ಸೂರ್ಯ ಉತ್ತರಕ್ಕೆ ವಾಲಿ ಸಾಗುವ ನಮ್ಮ ನಾಡಿನಲ್ಲಿ ಬಿಸಿಲು ಕಾಣದ ಗೋಡೆ.

"ಆಂಟಿ, ಚಳಿಗೆ ನಿಮ್ಮ ಮಂಡಿ…"

"ಒಲೆ ಮುಂದೆ ನಿಂತ್ರೆ ಮಂಡಿಗೂ ಬಿಸಿ ತಾಗುತ್ತೆ ಬಿಡು ಚಿನ್ನಾ."

ಅಡುಗೆಮನೆಯ ನಕ್ಷೆ ತೋರಿಸಿ ಎಂದು ಅವರು ಕೇಳಲಿಲ್ಲ. ಹೊರಗಿನವರು ಇದನ್ನು ಪೆದ್ದತನ ಎಂದಾರು. ನಮ್ಮಲ್ಲಿ ಸಭೆಯಲ್ಲಿ ಪಾಸಾಯಿತೆಂದರೆ ಆದ ಹಾಗೆಯೇ. ಮತ್ತೆ ಹೋಗಿ 'ಎಲ್ಲಿಗೆ ಬಂತು, ಏನಾಯ್ತು' ಎಂದು ಕೇಳುವುದು ಅನುಮೋದಿಸಿದವರ ಮುಖಕ್ಕೆ ಹೊಡೆದಂತೆ. ಹಾಗೆ ಕೇಳದೆ ಇದ್ದುದರಿಂದಲೇ ಇಷ್ಟು ವರ್ಷ ಈ ಊರು ನಡೆದದ್ದು. ಆಂಟಿಯೂ ಆ ರೂಢಿಯಲ್ಲೇ ಕಾದರು.

ಗೋಡೆ ಒಡೆಯುವ ಕೆಲಸ ನಡೆಯುತ್ತಿದ್ದಾಗ ಆಂಟಿಯ ಕಣ್ಣಿನ ಪೊರೆ ತೆಗೆಸಲು ಪಟ್ಟಣಕ್ಕೆ ಕರೆದುಕೊಂಡು ಹೋದರು. ಅದೇ ವಾರ ತಿಂಗಳ ಸಭೆ. ವಿನ್ನಿಗೆ ಕಿವಿನೋವು, ಜ್ವರ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಲ್ಲಿ ಏನು ನಡೆಯಿತೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಂಟಿ ಹೊಸ ಕಣ್ಣು ಹೊತ್ತು ವಾಪಸಾದ ದಿನ ಊಟದ ಮನೆಯಲ್ಲಿ ಎಷ್ಟು ನಗು! ಕಿಟಕಿಯ ಧೂಳು ಕಂಡು ಬೈದರು, ಕ್ಲೆಮ್‌ಗೆ "ನೀನಿಷ್ಟು ಮುದುಕ ಅಂತ ಗೊತ್ತಿದ್ರೆ ನಿನ್ನ ಜತೆ ಇಸ್ಪೀಟು ಆಡೋವಾಗ ಸ್ವಲ್ಪ ಕರುಣೆ ತೋರಿಸ್ತಿದ್ದೆ" ಎಂದರು. ವರ್ನಾ ಆಂಟಿಯ ಎದುರು ಕೂತು ದಿಟ್ಟಿಸಿದರು.

"ಅಯ್ಯೋ ವರ್ನಾ! ನಿನಗೆ ಮೀಸೆ ಬಂದಿದೆಯಲ್ಲೇ! ಯಾರೂ ಹೇಳ್ಳೇ ಇಲ್ವಾ ನನಗೆ?"

"ಸುಮ್ನಿರು ಮಾರಾಯ್ತಿ" ಎಂದು ವರ್ನಾ ಆಂಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಅವತ್ತಿನಿಂದ ಐಲ್ಸಾ ಆಂಟಿಗೆ ಒಂದೇ ಧ್ಯಾನ: ಒಲೆ ಹಚ್ಚುವ ಮೊದಲ ದಿನ ಪಾಸ್ಟಿ ಮಾಡುವುದು. ತಾಮ್ರದ ಗಣಿಗೆ ಇಳಿಯುತ್ತಿದ್ದ ನಮ್ಮ ಹಿರಿಯರ ಬುತ್ತಿ ಅದು. ಮಾಂಸ, ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಈರುಳ್ಳಿ ಸಣ್ಣಗೆ ಹೆಚ್ಚಿ, ಕಡುಬಿನಂತೆ ಹಿಟ್ಟಿನೊಳಗೆ ಮಡಚಿ, ಅಂಚನ್ನು ಜಡೆಯಂತೆ ಹೆಣೆದು ಬೇಯಿಸುವುದು. ಮೂಲೆಯಲ್ಲಿ ತಿನ್ನುವವರ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲೇ ಮಾಡಿ ಅಂಟಿಸುತ್ತಾರೆ. ಕತ್ತಲ ಗಣಿಯಲ್ಲಿ ಯಾರದು ಯಾರದೆಂದು ತಿಳಿಯಲಿ ಎಂದು. ಆಂಟಿ ಮೇಜಿಂದ ಮೇಜಿಗೆ ಹೋಗಿ ಕೇಳಿದರು.

"ಕ್ಲೆಮ್, ನಿನಗೆ ಈರುಳ್ಳಿ ಜಾಸ್ತಿ ಹಾಕ್ಲಾ?"

ಕ್ಲೆಮ್ ಚಮಚ ತಿರುಗಿಸುತ್ತ, "ಹಾಕು, ಹಾಕು" ಎಂದರು. ಒಂದು ಹಾಸ್ಯವೂ ಇಲ್ಲ. ಅವರಿಗೆ ಮೈ ಸರಿಯಿಲ್ಲವೇನೋ ಅಂದುಕೊಂಡೆ.

"ವರ್ನಾ, ನಿನ್ನದಕ್ಕೆ ಮೆಣಸು ಬೇಡ, ಗೊತ್ತು. ಈರುಳ್ಳಿ?"

"ಇರ್ಲಿ" ಎಂದರು ವರ್ನಾ ಆಂಟಿ. "ಸ್ವಲ್ಪ."

ಹೀಗೆ ಒಬ್ಬೊಬ್ಬರೂ ಹೇಳಿದರು. ಒಬ್ಬರಿಗೆ ಟರ್ನಿಪ್ ಬೇಡ, ಒಬ್ಬರಿಗೆ ಅಂಚು ಗರಿಗರಿ ಬೇಕು. ಆಂಟಿ ಎಲ್ಲ ತಲೆಯಲ್ಲೇ ಇಟ್ಟುಕೊಂಡರು.

ಅಡುಗೆಮನೆ ತೆರೆಯುವ ದಿನ ಗುರುವಾರವೇ ಬಂತು. ಕಂಪನಿಯ ಒಬ್ಬರು ಟೈ ಕಟ್ಟಿಕೊಂಡು ಬಂದಿದ್ದರು, ಫೋಟೋ ತೆಗೆಯುವವರಿದ್ದರು, ತಾಯಂದಿರು, ಮಕ್ಕಳು, ಊರ ಅರ್ಧ ಜನ. ರಿಬ್ಬನ್ ಕತ್ತರಿಸಲು ಐಲ್ಸಾ ಆಂಟಿಯನ್ನೇ ಕರೆದರು. ಅವರು ಏಪ್ರನ್ ಕಟ್ಟಿಕೊಂಡೇ ಬಂದಿದ್ದರು. ಅವರು ಹೇಳಿದ ಪ್ರಕಾರ ನಾನು ಮನೆಯಲ್ಲೇ ಹಿಟ್ಟು ಕಲಸಿ, ಮಾಂಸ ತರಕಾರಿ ಹೆಚ್ಚಿ, ದೊಡ್ಡ ಬೋಗುಣಿಯಲ್ಲಿ ತಂದು, ಒಂದು ಕಂಕುಳಲ್ಲಿ ಅದನ್ನು, ಇನ್ನೊಂದರಲ್ಲಿ ವಿನ್ನಿಯನ್ನು ಹಿಡಿದು ನಿಂತಿದ್ದೆ.

ಅಡುಗೆಮನೆ ಬಹಳ ಚೆನ್ನಾಗಿತ್ತು. ಆಂಟಿಯ ಹಳೆಯ ಕಿಟಕಿಯಿಂದ ಬಿಸಿಲು ನೇರ ಬೆಳ್ಳಗಿನ ಒಲೆಯ ಮೇಲೆ ಬಿದ್ದಿತ್ತು. ಬುಟ್ಟಿಯಲ್ಲಿ ನಿಂಬೆ, ಸೇಬು. ಚಪ್ಪಾಳೆ ನಿಂತ ಮೇಲೆ ಆಂಟಿ ಒಲೆಯ ಗುಂಡಿ ತಿರುಗಿಸಿದರು. ಅದು ತಿರುಗಿತು. ತಿರುಗುತ್ತಲೇ ಹೋಯಿತು, ಆಟಿಕೆಯದರಂತೆ, ಎಲ್ಲೂ ನಿಲ್ಲದೆ.

"ಗೋಡೆ ಸ್ವಿಚ್ ಹಾಕು ಚಿನ್ನಾ" ಎಂದರು ನನಗೆ.

ಗೋಡೆಯಲ್ಲಿ ಸ್ವಿಚ್ ಇರಲಿಲ್ಲ. ಆಂಟಿ ಬಗ್ಗಿ ಓವನ್ನಿನ ಬಾಗಿಲು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಅದು ಬಾಗಿಲಲ್ಲ, ಬಾಗಿಲಿನ ಹಾಗೆ ಮಾಡಿದ ಹಲಗೆ. ಬುಟ್ಟಿಯ ಸೇಬು ಮುಟ್ಟಿದರೆ ಬುಟ್ಟಿಗೇ ಅಂಟಿಸಿದ್ದು. ವಿನ್ನಿ ನನ್ನ ಕೈಯಿಂದ ಜಾರಿ ಓಡಿಹೋಗಿ ಗುಂಡಿಗಳನ್ನೆಲ್ಲ ತಿರುಗಿಸಿ ಕೇಕೆ ಹಾಕಿದಳು. ಅವಳಿಗೆ ಹೇಳಿ ಮಾಡಿಸಿದಂತಿತ್ತು.

"ಇದು ನೋಡೋಕೆ ಇರೋ ಅಡುಗೆಮನೆ" ಎಂದಳು ಫಿಲಿಪ್ಪಾ, ಮೆಲ್ಲಗೆ. "ಮನೆ ಅನ್ನಿಸಲಿ ಅಂತ. ಕೂತು ಟೀ ಕುಡಿಯಬಹುದು… ಐಲ್ಸಾ, ನಿಮಗೆ ಗೊತ್ತಿತ್ತು ಅಲ್ವಾ? ನಿಜವಾದ ಒಲೆ ಇಡೋದಾದ್ರೆ ಹೊತ್ತು ಗೊತ್ತುಮಾಡಿ, ಒಬ್ಬರು ಸಿಬ್ಬಂದಿ ಪಕ್ಕದಲ್ಲೇ ನಿಲ್ಲಬೇಕಾಗುತ್ತೆ ಅಂತ ಸಭೆ ಮುಂದೆ ಇಟ್ಟಿದ್ದೆ. ಸಭೆನೇ ಇದು ಸಾಕು ಅಂತು. ನಿಮಗೆ ಹೇಳ್ತೀವಿ ಅಂದಿದ್ರು."

ಐಲ್ಸಾ ಆಂಟಿ ಏಪ್ರನ್ನಿಗೆ ಕೈ ಒರೆಸಿಕೊಂಡರು. ಒರೆಸಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ.

"ಸೂಚಿಸಿದ್ದು ಯಾರು?" ಎಂದರು.

ಫೋಟೋದವನು ಕ್ಯಾಮೆರಾ ಇಳಿಸಿದ.

"ನಾನಿಲ್ದೇ ಇದ್ದಾಗ ಸಭೆ ಆಯ್ತಲ್ಲ. ಯಾರೋ ಒಬ್ರು ಸೂಚಿಸಿರಬೇಕು. ಯಾರು?"

"ನಾನು" ಎಂದರು ವರ್ನಾ ಆಂಟಿ. ಅವರು ಟೊಮೆಟೊ ಕಟ್ಟೆ ಕಾಣುವ ಬಾಗಿಲ ಹತ್ತಿರ ಕೂತಿದ್ದರು. ಮುಖ ಹೊರಗಡೆಗೇ ಇತ್ತು.

ಐಲ್ಸಾ ಆಂಟಿ ಒಲೆಯಿಂದ ಅವರ ಕಡೆ ತಿರುಗಿದರು. ಆಮೇಲೆ, "ಅನುಮೋದಿಸಿದ್ದು?"

ಕ್ಲೆಮ್ ಕೆಮ್ಮಿದರು. "ನಾನೇ, ಐಲ್ಸಾ. ವರ್ನಾ ಎದ್ದಳಲ್ಲ, ನಿನಗೂ ಗೊತ್ತಿರುತ್ತೆ ಅಂದ್ಕೊಂಡೆ. ನೀವಿಬ್ರೂ ಬೇರೆ ಬೇರೆ ಮಾತಾಡಿದ್ದು ಯಾವತ್ತಾದ್ರೂ ಉಂಟಾ?"

"ಆಮೇಲೆ ಗೊತ್ತಾಯ್ತಲ್ಲ, ನನಗೆ ಗೊತ್ತಿಲ್ಲ ಅಂತ. ಈರುಳ್ಳಿ ಬೇಕಾ ಅಂತ ಬಂದು ಕೇಳ್ದಾಗ."

ಆಂಟಿ ಏಪ್ರನ್ನಿನ ಗಂಟು ಬಿಚ್ಚಲು ಹೋದರು, ಗಂಟು ಬೆರಳಿಗೆ ಸಿಗಲಿಲ್ಲ. ನಾನು ಬೋಗುಣಿ ಕೆಳಗಿಟ್ಟು ಬಿಚ್ಚಿಕೊಟ್ಟೆ.

ಮಾಂಸ ಕೆಡುತ್ತದೆ ಎಂದು ಆ ಸಂಜೆ ನನ್ನ ಮನೆಯ ಓವನ್ನಿನಲ್ಲಿ ಪಾಸ್ಟಿ ಬೇಯಿಸಿ ಮರುದಿನ ತೆಗೆದುಕೊಂಡು ಹೋದೆ. ಅಕ್ಷರ ಅಂಟಿಸಲು ಮನಸ್ಸು ಬರಲಿಲ್ಲ. ಎಲ್ಲರೂ ತಟ್ಟೆಯಿಂದ ಕಣ್ಣೆತ್ತದೆ ತಿಂದರು, ಚೂರೂ ಬಿಡಲಿಲ್ಲ. ಅದನ್ನು ನೋಡಿ ನನಗೆ ಅವರ ಮೇಲೆ ಕೋಪವೂ ಬಂತು, ಪಾಪ ಎಂದೂ ಅನ್ನಿಸಿತು. ಐಲ್ಸಾ ಆಂಟಿ ಒಂದು ತುತ್ತು ಬಾಯಿಗಿಟ್ಟು "ಉಪ್ಪು ಕಮ್ಮಿ" ಎಂದು ಪಕ್ಕಕ್ಕೆ ಸರಿಸಿದರು.

ಮುಂದಿನ ವಾರ ವರ್ನಾ ಆಂಟಿಯ ಜತೆ ಊಟದ ಮನೆಯ ಬಟ್ಟೆಗಳನ್ನು ಮಡಿಸುತ್ತ ಕೂತಾಗ ನಾನು ಕೇಳಿಯೇಬಿಟ್ಟೆ.

"ಯಾಕೆ ಆಂಟಿ?"

ಅವರು ಎರಡು ಬಟ್ಟೆ ಮಡಿಸಿದರು. "ಅವಳ ಕೈ ನಡುಗುತ್ತೆ. ಸುಟ್ಕೊಂಡ್ರೆ?"

"ಅದಕ್ಕೇನಾ?"

"ಅದಕ್ಕೂ." ಮೂರನೆಯದನ್ನು ಮಡಿಸಲು ಹೋಗಿ ಮಡಿಲಲ್ಲೇ ಬಿಟ್ಟರು. "ಒಲೆ ಬಂದಿದ್ರೆ ಏನಾಗ್ತಿತ್ತು ಹೇಳ್ಲಾ? ಅವಳು ಒಲೆ ಮುಂದೆ, ನಾನು ಸಿಂಕ್ ಮುಂದೆ. ಬಂದೋರೆಲ್ಲ 'ಆಹಾ, ಐಲ್ಸಾ ಕೈರುಚಿ' ಅನ್ನೋರು. ಆಲೂಗಡ್ಡೆ ಸಿಪ್ಪೆ ತೆಗೆದವಳು ಯಾರು ಅಂತ ಒಬ್ರಾದ್ರೂ ಕೇಳಿದಾರಾ ಈ ಊರಲ್ಲಿ? ನಾನು ಈ ಮನೆಗೆ ಬಂದು ಸೇರಿದ್ದೇ, ಇನ್ನು ಸಾಯೋವರೆಗೂ ಟರ್ನಿಪ್ ಕೊಚ್ಚೋ ಹಾಗಿಲ್ಲವಲ್ಲಾ ಅಂತ."

"ಅದನ್ನ ಅವರಿಗೇ ಹೇಳಬಹುದಿತ್ತಲ್ಲ."

"ಐಲ್ಸಾಗೆ 'ಬೇಡ' ಅಂದೋರನ್ನ ನೀನು ನೋಡಿದೀಯೇನೇ?" ವರ್ನಾ ಆಂಟಿ ನಕ್ಕರು, ಆ ನಗು ಮುಖದಲ್ಲಿ ಉಳಿಯಲಿಲ್ಲ. "ಅವತ್ತು ಅವಳ ಕುರ್ಚಿ ಖಾಲಿ ಇತ್ತು. ಜೀವನದಲ್ಲಿ ಮೊದಲ್ನೇ ಸಲ ನಾನು ಎದ್ದೆ. ಎದ್ದು ನಿಂತ್ರೆ ಎಲ್ರೂ ನನ್ನ ಕಡೆ ನೋಡಿದ್ರು. ಚೆನ್ನಾಗಿತ್ತು ಕಣೇ. ಸುಳ್ಳು ಯಾಕೆ ಹೇಳ್ಲಿ." ಮಡಿಲಿನ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, "ಅವಳು ವಾಪಸ್ ಬಂದ ದಿನ ಹೇಳೋಣ ಅಂತಿದ್ದೆ. ಈರುಳ್ಳಿ ಬೇಕಾ ಅಂದ್ಲು. ಇರ್ಲಿ ಅಂದುಬಿಟ್ಟೆ. ಅಂದ್ಮೇಲೆ ಮುಗೀತು" ಎಂದರು.

ಅವರ ಮಾತಿನಲ್ಲಿ ನ್ಯಾಯವಿಲ್ಲ ಎಂದು ಹೇಳಲಾರೆ. ನಾನೂ ಒಬ್ಬರು ಎದ್ದರೆ ಕೈ ಎತ್ತುವ ಜಾತಿಯವಳೇ. ಆದರೆ ದಕ್ಷಿಣದ ಆ ತಣ್ಣನೆಯ ಕೋಣೆ ನೆನಪಾದರೆ ನ್ಯಾಯ ಎಲ್ಲಿ ಹೋಗುತ್ತದೋ.

ಅಲ್ಲಿಗೂ ಹೋದೆ, ವಿನ್ನಿಯನ್ನು ಎತ್ತಿಕೊಂಡು. ಐಲ್ಸಾ ಆಂಟಿ ಹೊದಿಕೆ ಸುತ್ತಿಕೊಂಡು, ಹೊರಗೆ ಕಾರುಗಳು ಹಿಂದೆ ಮುಂದೆ ಆಗುವುದನ್ನು ನೋಡುತ್ತಿದ್ದರು.

"ನೋಡು, ಆ ನೀಲಿ ಕಾರಿನೋನಿಗೆ ಹಿಂದಕ್ಕೆ ತೆಗೆಯೋಕೆ ಬರಲ್ಲ. ನನಗೀಗ ಎಲ್ಲ ಸ್ಪಷ್ಟ ಕಾಣುತ್ತೆ" ಎಂದರು. ಆಮೇಲೆ ನಾನು ಕೇಳದೆಯೇ ಹೇಳಿದರು. "ಸೋಲೋದು ನನಗೆ ಗೊತ್ತಿಲ್ವಾ? ಎಷ್ಟು ಸಭೇಲಿ ಸೋತಿದೀನಿ. ಎದುರಿಗೆ ನಿಂತು, 'ನಿನ್ನ ಒಲೆ ನನಗೆ ಬೇಡ ಕಣೇ ಐಲ್ಸಾ' ಅಂದು ಸೋಲ್ಸಿದ್ರೆ, ಮುಖ ಊದಿಸ್ಕೊಂಡು ಒಂದು ವಾರ ಇರ್ತಿದ್ದೆ, ಆಮೇಲೆ ಟೀ ಕುಡಿತಿದ್ವಿ. ನಾನು ಕಣ್ಣು ಮುಚ್ಚಿ ಮಲಗಿದ್ದಾಗ…" ವಿನ್ನಿ ಅವರ ಹೊದಿಕೆಯ ಜುಂಗನ್ನು ಬಾಯಿಗೆ ಹಾಕಿಕೊಂಡಳು. "ಬಿಡು, ಚೀಪಲಿ. ನನ್ನ ಕೋಣೆ ಬಿಟ್ಟುಕೊಡೋವಾಗ ವರ್ನಾ ಪಕ್ಕದಲ್ಲೇ ನಿಂತು ನನ್ನ ಹ್ಯಾಂಗರ್‌ಗಳನ್ನ ಎಣಿಸಿ ಕೊಟ್ಟಳು ಗೊತ್ತಾ? ಆಗಲಾದ್ರೂ ಹೇಳಬಹುದಿತ್ತು, ಒಲೆ ನನಗೆ ಬೇಡ ಅಂತ. ಬಿಸಿಲಾದ್ರೂ ಉಳೀತಿತ್ತು ನನಗೆ."

ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಮೂಗು ಮಾತ್ರ ಜೋರಾಗಿ ಸೀಟಿಕೊಂಡರು.

ಮನಸ್ಸು ಚುಚ್ಚಿದ್ದು ಫಿಲಿಪ್ಪಾಗೆ. ಅವಳು ಕಂಪನಿಯ ಜತೆ ಜಗಳ ಆಡಿಕೊಂಡು ಬಂದು ಮುಂದಿನ ತಿಂಗಳ ಸಭೆಯಲ್ಲಿ ಹೇಳಿದಳು: ಈ ಒಲೆ ತೆಗೆದು ನಿಜವಾದದ್ದನ್ನೇ ಕೂರಿಸಲು ಒಪ್ಪಿದ್ದಾರೆ, ಸಿಬ್ಬಂದಿಯನ್ನೂ ಕೊಡುತ್ತಾರೆ. ಆದರೆ ಹಿಂದೆ ಸಭೆಯೇ ಬೇಡ ಎಂದದ್ದರಿಂದ ಬೇಕು ಎಂದೂ ಸಭೆಯೇ ಹೇಳಬೇಕು. "ಯಾರಾದರೂ ಸೂಚಿಸ್ತೀರಾ?" ಎಂದು ಕೇಳಿ ಅವಳು ಐಲ್ಸಾ ಆಂಟಿಯನ್ನೇ ನೋಡಿದಳು.

ನಾನು ಹಿಂದೆ ಟೀ ಕಪ್ಪುಗಳ ಹತ್ತಿರ ನಿಂತಿದ್ದೆ. ಆಂಟಿ ಕುರ್ಚಿಯ ತೋಳು ಹಿಡಿದು ಎದ್ದರು, ನೆಟ್ಟಗೆ ನಿಲ್ಲುವವರೆಗೂ ಬಾಯಿ ಬಿಡಲಿಲ್ಲ.

"ಉರಿಯೋ ಒಲೆ ಕೂರಿಸಬೇಕು ಅಂತ ಸೂಚಿಸ್ತೀನಿ."

ವರ್ನಾ ಆಂಟಿಯ ಕೈ ಅಷ್ಟರಲ್ಲೇ ಮೇಲಿತ್ತು. ಹಳೆಯ ಚುರುಕು. "ಅನುಮೋದಿಸ್ತೀನಿ" ಎಂದರು.

ಐಲ್ಸಾ ಆಂಟಿ ಅತ್ತ ತಿರುಗಲಿಲ್ಲ. "ಬೇರೆ ಯಾರಾದ್ರೂ?" ಎಂದರು.

"ಒಬ್ಬರು ಸಾಕಲ್ಲ ಐಲ್ಸಾ, ವರ್ನಾ ಇದ್ದಾರೆ" ಎಂದಳು ಫಿಲಿಪ್ಪಾ.

"ಬೇರೆ ಯಾರಾದ್ರೂ ಇದೀರಾ ಅಂತ ಕೇಳ್ದೆ."

ಒಬ್ಬರ ಕೈ ಮೇಲಿರುವಾಗ ಇನ್ನೊಬ್ಬರು ಎತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೊದಲಿನವರನ್ನು ತಳ್ಳಿ ಮುಂದೆ ಬಂದಂತೆ. ಕ್ಲೆಮ್ ತಮ್ಮ ಕೈ ನೋಡಿಕೊಂಡರು, ವರ್ನಾ ಆಂಟಿಯ ಕೈ ನೋಡಿದರು, ತಮ್ಮದನ್ನು ಜೇಬಿಗೆ ಹಾಕಿಕೊಂಡರು. ಉಳಿದವರು ನೆಲ ನೋಡಿದರು. ನಾನು ನಿವಾಸಿಯಲ್ಲ, ನನ್ನ ಕೈಗೆ ಲೆಕ್ಕವಿಲ್ಲ. ಇಲ್ಲದಿದ್ದರೆ ಮರ್ಯಾದೆ ಗಿರ್ಯಾದೆ ನೋಡದೆ ಎರಡೂ ಕೈ ಎತ್ತುತ್ತಿದ್ದೆ.

"ಹಾಗಾದ್ರೆ ನನ್ನ ಸೂಚನೆ ವಾಪಸ್ ತಗೊಂಡೆ" ಎಂದು ಐಲ್ಸಾ ಆಂಟಿ ಕೂತರು.

ಕಾರಿಡಾರಿನಲ್ಲಿ ಅವರನ್ನು ಹಿಡಿದು ನಡೆಸಿಕೊಂಡು ಹೋಗುವಾಗ ನಾನು ತಡೆಯಲಾರದೆ ಬೈದೆ. "ಒಲೆ ಬರ್ತಿತ್ತಲ್ಲ ಆಂಟಿ! ಕೈಗೆ ಬಂದಿತ್ತಲ್ಲ! ಅವರ ಮೇಲಿನ ಸಿಟ್ಟಿಗೆ ನಿಮ್ಮ ಕೋಣೆನೂ ಹೋಯ್ತು, ಒಲೆನೂ ಹೋಯ್ತು."

"ಬರ್ತಿತ್ತು" ಎಂದರು ಆಂಟಿ. ಹಿಡಿಕೆಯ ಮೇಲೆ ಕೈ ಸರಿಸುತ್ತ ನಿಧಾನ ನಡೆದರು. "ಬಂದ್ಮೇಲೆ ಅದರ ಮುಂದೆ ನಿಂತು ಯಾರಿಗೆ ಬೇಯಿಸ್ಲಿ ಹೇಳು."

ನಾನು ಅವರ ನಡಿಗೆಗೆ ಹೆಜ್ಜೆ ಕೂಡಿಸಿದೆ.

ಊಟದ ಮನೆಯ ಬಾಗಿಲಿಗೆ ಬಂದಾಗ ಅವರು ನಿಂತರು. ಈ ಮನೆಗೆ ಬಂದಾಗಿನಿಂದ ವರ್ನಾ ಆಂಟಿಯ ಎದುರಿನ ಕುರ್ಚಿ ಅವರದು. "ನನ್ನನ್ನ ಆ ಮೂಲೆ ಮೇಜಿಗೆ ಹಾಕು" ಎಂದರು. ಅಲ್ಲಿ ಕೂರುವವರು ಇಬ್ಬರು ಅಜ್ಜಿಯರು, ನೆನಪು ಪೂರ್ತಿ ಹೋದವರು. ದಿನಾ ಬೆಳಿಗ್ಗೆ ಒಬ್ಬರನ್ನೊಬ್ಬರು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾರೆ. ಸಭೆ ಎಂದರೇನೆಂದು ಅವರಿಗೆ ಗೊತ್ತಿಲ್ಲ.

"ಅಲ್ಲಿ ನಿಮಗೆ ಮಾತಿಗೆ ಯಾರೂ ಇರಲ್ಲ ಆಂಟಿ."

"ಅವತ್ತು ನಾನಿಲ್ದೇ ಇದ್ದಾಗ ಅವರಿಬ್ರು ಕೈ ಎತ್ತಿಲ್ಲ" ಎಂದರು. 

ಆ ಮೇಜಿಗೆ ಎರಡೇ ಕುರ್ಚಿ. ಊಟದ ಮನೆಯಲ್ಲಿ ಹೆಚ್ಚಿನದು ಬೇರೆ ಇರಲಿಲ್ಲ. ಆಂಟಿಯ ಹಳೆಯ ಕುರ್ಚಿಯನ್ನೇ ತರಲು ಹೋದೆ. ವರ್ನಾ ಆಂಟಿ ಸಭೆಯಿಂದ ಬಂದು ಆಗಲೇ ತಮ್ಮ ಜಾಗದಲ್ಲಿ ಕೂತು ಇಬ್ಬರಿಗೂ ನೀರು ಬಗ್ಗಿಸಿಟ್ಟಿದ್ದರು. ನಾನು ಕುರ್ಚಿಗೆ ಕೈ ಹಾಕಿದಾಗ "ಅದು ಇರ್ಲಿ ಬಿಡೇ" ಎಂದರು.

"ಅಲ್ಲಿ ಕುರ್ಚಿ ಇಲ್ಲ ಆಂಟಿ" ಎಂದೆ. ಐಲ್ಸಾ ಆಂಟಿಗೆಂದು ಇಟ್ಟ ಲೋಟವನ್ನೂ ಎತ್ತಿಕೊಂಡು, ಕುರ್ಚಿಯನ್ನು ಎಳೆದುಕೊಂಡು ಹೋದೆ.